ಹಸಿ ಗೋಣಿಯ ತಂಪು

ನಾನು ಒಂದು ಕಡೆ ಕೂಡುವ ಹೆಂಗಸಲ್ಲ. ಉಣ್ಣಲು ಕುಳಿತರೂ ನಡುವೆ ಎದ್ದು ಹೋಗುತ್ತೇನೆ. ಗ್ಯಾಸು ಆರಿಸಿದೆನೋ ಇಲ್ಲವೋ, ನಲ್ಲಿಗೆ ನೀರು ಬಂತೋ ಇಲ್ಲವೋ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು ಎಂದು ಅತ್ತೆ ಬಂದವರೆದುರೆಲ್ಲ ಹೇಳಿ ನಗುತ್ತಾರೆ. ಈ ಬೇಸಿಗೆಯಲ್ಲಿ ನಮ್ಮ ಬೆಕ್ಕಿಗೂ ಅದೇ ಚಾಳಿ ಹತ್ತಿತು. ಮೂರು ಮರಿ ಹಾಕಿದ ಬಾಣಂತಿ, ಬೆಚ್ಚಗೆ ಮಲಗುವುದು ಬಿಟ್ಟು ಮನೆತುಂಬ ತಿರುಗತೊಡಗಿತು. ಬೆಚ್ಚಗೆ ಅನ್ನುವ ಮಾತಿಗೆ ನನಗೇ ನಗು ಬರುತ್ತದೆ. ಬೆಚ್ಚಗೇನು ಬಂತು, ಬೇಯುತ್ತಿದ್ದೆವು.

ಬ್ಯಾಡಗಿಯಲ್ಲಿ ನಮ್ಮದು ಮೆಣಸಿನಕಾಯಿ ವ್ಯಾಪಾರ. ಮುಂದೆ ಅಂಗಡಿ, ನಡುವೆ ಚೀಲ ಒಟ್ಟುವ ಗೋದಾಮು, ಹಿಂದೆ ಮನೆ. ಗಂಡ, ಅತ್ತೆ, ಹೈಸ್ಕೂಲಿಗೆ ಹೋಗುವ ಮಗಳು, ನಾನು. ಬೆಕ್ಕನ್ನು ಇಲಿಗೆಂದು ತಂದದ್ದು. ಇಲಿ ಹಿಡಿಯಿತೋ ಬಿಟ್ಟಿತೋ ಅದಕ್ಕೇ ಗೊತ್ತು, ನನ್ನ ಹಿಂದೆ ತಿರುಗುವುದನ್ನಂತೂ ಬಿಡಲಿಲ್ಲ. ಮೈಯೆಲ್ಲ ಬಿಳಿ, ಬಾಲವಷ್ಟೇ ಕರಿ. ನಾನು ಅಡಿಗೆಮನೆಗೆ ಹೋದರೆ ಅಡಿಗೆಮನೆಗೆ, ಹಿತ್ತಲಿಗೆ ಹೋದರೆ ಹಿತ್ತಲಿಗೆ. ಒಂದು ಘಳಿಗೆ ಕಾಣದಿದ್ದರೆ ನನಗೂ ಜೀವ ನಿಲ್ಲುತ್ತಿರಲಿಲ್ಲ.

ಅದು ಈದದ್ದು ಅಡಿಗೆಮನೆಯ ಪಕ್ಕದ ಸಣ್ಣ ಕೋಣೆಯಲ್ಲಿ. ಆ ಕೋಣೆಗೆ ತಗಡಿನ ಮಾಡು. ಒಂದು ಮಧ್ಯಾಹ್ನ ಹೋಗಿ ನೋಡುತ್ತೇನೆ, ಬೆಕ್ಕು ನಾಯಿಯಂತೆ ಬಾಯಿ ತೆರೆದು ತೇಕುತ್ತಿದೆ. ಮರಿಗಳು ಮೊಲೆಗೆ ಹತ್ತಿದರೆ ಝಾಡಿಸಿ ಎದ್ದು ಹೋಗುತ್ತದೆ, ಮತ್ತೆ ಬರುತ್ತದೆ, ಮತ್ತೆ ಏಳುತ್ತದೆ. ಬೆಕ್ಕು ತೇಕುವುದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಹಾಲು ಕುಡಿಸದಿದ್ದರೆ ಇನ್ನೂ ಕಣ್ಣು ತೆರೆಯದ ಆ ಮರಿಗಳು ಉಳಿಯುವುದು ಹೇಗೆ? ಟೇಬಲ್ ಫ್ಯಾನು ತಂದಿಟ್ಟರೆ ಕರೆಂಟು ಹೋಯಿತು. ಬೋಗುಣಿಯಲ್ಲಿ ನೀರಿಟ್ಟೆ, ಮುಟ್ಟಲಿಲ್ಲ. ಬೀಸಣಿಕೆ ಹಿಡಿದು ಕುಳಿತೆ. ಅತ್ತೆ ಬಾಗಿಲಲ್ಲಿ ನಿಂತು ನೋಡಿ, ತಮ್ಮ ನಾಲ್ಕು ಬಾಣಂತನದಲ್ಲಿ ಒಬ್ಬರಾದರೂ ಹೀಗೆ ಗಾಳಿ ಬೀಸಿದ್ದಿಲ್ಲ ಎಂದು ಚುಚ್ಚಿದರು. ಚುಚ್ಚಿದರೇನು, ತಾವೇ ಬೀಸಣಿಕೆ ಇಸಿದುಕೊಂಡು ನನ್ನನ್ನು ಉಣ್ಣಲು ಕಳಿಸಿದರು.

ಹಾವೇರಿಯಲ್ಲಿ ಗುರುತಿನ ದನದ ಡಾಕ್ಟರೊಬ್ಬರಿದ್ದಾರೆ. ಅವರಿಗೆ ಫೋನು ಹಚ್ಚಿದೆ. ಎರಡು ಮೂರು ಕಡೆ ನೀರಿಡಿ, ಮೈಮೇಲೆ ತಣ್ಣೀರು ಸುರಿಯಬೇಡಿ, ನೆಲಕ್ಕೆ ಹಸಿ ಅರಿವೆ ಹಾಸಿ, ಕಿಟಕಿಗೂ ಒಂದು ಕಟ್ಟಿ ಎಂದರು. ಒಳ್ಳೆಯ ಮಾತೇ. ಆದರೆ ಆ ಧಗೆಗೆ ಅರಿವೆ ಎಷ್ಟು ಹೊತ್ತು ಹಸಿ ಇದ್ದೀತು? ನಾನು ಹಿಂಡಿ ಹಾಸುವುದರೊಳಗೆ ಒಂದು ಅಂಚು ಒಣಗಿರುತ್ತಿತ್ತು. ಗೋಣಿಯಾದರೆ ನೀರು ಹಿಡಿಯುತ್ತದೆ, ದಿನವಿಡೀ ತಂಪು ಬಿಡುತ್ತದೆ ಎಂದು ಅತ್ತೆ ಹೇಳಿದರು. ನನಗೂ ಅದೇ ತೋಚಿತ್ತು. ನಮ್ಮ ಮನೆಯಲ್ಲಿ ಗೋಣಿಗೇನು ಬರ? ಗೋದಾಮಿನಿಂದ ನಾಲ್ಕು ಖಾಲಿ ಚೀಲ ತಂದು, ಅಂಗಳದಲ್ಲಿ ಧೂಳು ಹೋಗುವಂತೆ ಝಾಡಿಸಿ, ನೀರಿನಲ್ಲಿ ಅದ್ದಿ, ಎರಡನ್ನು ನೆಲಕ್ಕೆ ಹಾಸಿದೆ, ಎರಡನ್ನು ಕಿಟಕಿಗೆ ಕಟ್ಟಿದೆ. ಅಬ್ಬಾ, ಏನು ತಂಪು! ನಾನೇ ಬೆಕ್ಕಿನ ಪಕ್ಕದಲ್ಲಿ ಅಡ್ಡಾಗಿ ಒಂದು ನಿದ್ದೆ ತೆಗೆದೆ.

ಓದುವವರು ಇಷ್ಟರಲ್ಲೇ ಹಣೆ ಬಡಿದುಕೊಂಡಿರಬಹುದು. ನಮಗೆ ಮಾತ್ರ ಹೊಳೆಯಲಿಲ್ಲ. ಬ್ಯಾಡಗಿ ಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರಕ್ಕಲ್ಲ ಎಂದು ದಿನಕ್ಕೊಮ್ಮೆಯಾದರೂ ಯಾರಿಗಾದರೂ ಹೇಳುವ ಮನೆ ನಮ್ಮದು. ಹೊರಗಿನ ಖಾರದ ಕಾಯಿಯೂ ಅದೇ ಗೋದಾಮಿಗೆ ಬರುತ್ತದೆ, ಅದೇ ಚೀಲಗಳಲ್ಲಿ ಹೋಗುತ್ತದೆ. ಹೊಸಬರು ಅಂಗಡಿ ಮೆಟ್ಟಿಲು ಹತ್ತುತ್ತಲೇ ಸೀನುತ್ತಾರೆ. ನಾವು ನಕ್ಕು ಚಹಾ ತರಿಸುತ್ತೇವೆ. ನಮ್ಮಲ್ಲಿ ಯಾರೂ ಸೀನುವುದಿಲ್ಲ.

ಮರುದಿನ ಬೆಳಿಗ್ಗೆ ಕೋಣೆ ಖಾಲಿ. ಬೆಕ್ಕು ಮರಿಗಳನ್ನು ಒಂದೊಂದಾಗಿ ಕಚ್ಚಿಕೊಂಡು ಹೋಗಿ ಗೋದಾಮಿನ ಅಟ್ಟದ ಮೇಲೆ ಇಟ್ಟಿತ್ತು, ಕಾದ ತಗಡಿಗೆ ಮೊಳದಷ್ಟು ಕೆಳಗೆ. ಇಡೀ ಮನೆಯಲ್ಲಿ ಅದಕ್ಕಿಂತ ಸುಡುವ ಜಾಗವಿಲ್ಲ. ನನಗೆ ಸಿಟ್ಟೇ ಬಂತು. ಇಷ್ಟು ಮಾಡಿದರೂ ನಿನಗೆ ಬುದ್ಧಿ ಬೇಡವೇ ಎಂದು ಬೈದು, ಏಣಿ ಹಾಕಿ ಮರಿಗಳನ್ನು ಇಳಿಸಿ ತಂದು ಮತ್ತೆ ಗೋಣಿಯ ಮೇಲೆ ಮಲಗಿಸಿದೆ. ಸಂಜೆಗೆ ಮತ್ತೆ ಅಟ್ಟ. ಈದ ಬೆಕ್ಕು ಮರಿಗಳಿಗೆ ಏಳು ಮನೆ ತೋರಿಸುತ್ತದೆ, ಅದರ ಪದ್ಧತಿಯೇ ಹಾಗೆ, ನೀನು ನಡುವೆ ಕೈ ಹಾಕಬೇಡ ಎಂದರು ಅತ್ತೆ. ಏಳು ಮನೆ ತೋರಿಸಲಿ, ಸುಡುವ ಮನೆಯನ್ನೇ ಯಾಕೆ ಆರಿಸಬೇಕು? ಮತ್ತೆ ಇಳಿಸಿದೆ. ಅದು ಮುಂಗಾಲಿನಿಂದ ಮುಖ ಉಜ್ಜಿಕೊಳ್ಳುತ್ತಿತ್ತು, ಕಾಲು ನೆಕ್ಕುತ್ತಿತ್ತು, ನೆಕ್ಕಿ ತಲೆ ಕೊಡವುತ್ತಿತ್ತು. ಕಣ್ಣಿನಿಂದ ನೀರು. ಉಷ್ಣ ಏರಿದೆ ಎಂದುಕೊಂಡು ಗೋಣಿಗೆ ಇನ್ನೊಂದು ಕೊಡ ನೀರು ಸುರಿದೆ.

ಕೊನೆಗೆ ಅತ್ತೆಯೇ ನಿರ್ಧರಿಸಿದರು: ದೃಷ್ಟಿಯಾಗಿದೆ. ಮನೆಗೆ ಬಂದವರೆಲ್ಲ ಬಿಳಿ ಮರಿಗಳನ್ನು ನೋಡಿ ಲೊಚಗುಟ್ಟಿದ್ದರು. ಒಣಮೆಣಸಿನಕಾಯಿ, ಉಪ್ಪು ಹಿಡಿದು ತಾಯಿಗೂ ಮರಿಗಳಿಗೂ ಇಳಿ ತೆಗೆದು ಕೆಂಡಕ್ಕೆ ಹಾಕಿದರು. ಘಾಟು ಬಂದರೆ ದೃಷ್ಟಿಯಿಲ್ಲ, ಘಾಟು ಬರದಿದ್ದರೆ ದೃಷ್ಟಿ ಬಲವಾಗಿದೆ ಎಂದು ಲೆಕ್ಕ. ನಾವಿಬ್ಬರೂ ಹೊಗೆಗೆ ಮುಖವೊಡ್ಡಿ ನಿಂತೆವು. ಒಂದು ಕೆಮ್ಮು ಬರಲಿಲ್ಲ. ಎಂಥ ಕೆಟ್ಟ ಕಣ್ಣು ಬಿದ್ದಿದೆ ನೋಡು ಎಂದು ಅತ್ತೆ ಇನ್ನೊಂದು ಹಿಡಿ ಕಾಯಿ ಹಾಕಿದರು. ಬೆಕ್ಕು ಕಿಟಕಿಯ ಗೋಣಿ ಸರಿಸಿಕೊಂಡು ಹಾರಿ ಹೋಯಿತು.

ಇಂಥ ಹೊತ್ತಿನಲ್ಲೇ ನಾನು ತವರಿಗೆ ಹೋಗಬೇಕಾಯಿತು. ಮೇಡ್ಲೇರಿಯಲ್ಲಿ ತಮ್ಮನ ಕೂಸಿನ ತೊಟ್ಟಿಲ ಕಾರ್ಯ. ಅಕ್ಕನಾದವಳು ಹೋಗದಿದ್ದರೆ ಹೇಗೆ? ಅಲ್ಲಿ ಹೊಳೆ ಹತ್ತಿರ, ಸುತ್ತ ಗದ್ದೆ, ಸಂಜೆಗೆ ಗಾಳಿಯಾದರೂ ಬೀಸುತ್ತದೆ. ತವರಿನ ಬೆಕ್ಕು ಬಚ್ಚಲ ಕಲ್ಲಿನ ಮೇಲೆ ಹೊಟ್ಟೆ ಅಂಟಿಸಿ ರಾಜನಂತೆ ಮಲಗಿತ್ತು. ಅದನ್ನು ನೋಡಿದಾಗಲೆಲ್ಲ ಮನೆಗೆ ಫೋನು ಹಚ್ಚುತ್ತಿದ್ದೆ. ಜೋಗುಳ ಹಾಡುವಾಗಲೂ ಕೈಯಲ್ಲಿ ಫೋನು. ಮರಿ ಹೇಗಿವೆ ಎಂದು ಕೇಳಿದರೆ ಅತ್ತೆ, ಅದಾವ, ನೀನು ಹೋದ ಕೆಲಸ ನೋಡು ಎಂದು ಇಟ್ಟುಬಿಡುತ್ತಿದ್ದರು. ಅವರು ಅಷ್ಟು ಚುಟುಕಾಗಿ ಮಾತಾಡುವವರಲ್ಲ. ಇನ್ನೂ ನಾಲ್ಕು ದಿನ ಇರು ಎಂದು ಅವ್ವ ಕೈ ಹಿಡಿದರೂ ನಿಲ್ಲದೆ ಹೊರಟೆ.

ರಾಣೆಬೆನ್ನೂರಿನಲ್ಲಿ ಬಸ್ಸು ಬದಲಿಸಿ ಬ್ಯಾಡಗಿಗೆ ಬಂದಿಳಿದೆ. ಸ್ಟ್ಯಾಂಡು ದಾಟುವುದರೊಳಗೆ ಒಂದು ಸೀನು. ನಮ್ಮ ಓಣಿಯಲ್ಲಿ ಇನ್ನೊಂದು. ನೆಗಡಿ ಹಿಡಿಯಿತೇನೋ ಎಂದುಕೊಂಡೆ. ಮನೆಗೆ ಬಂದವಳು ಚೀಲ ಕೆಳಗಿಡದೆ ನೇರ ಆ ಕೋಣೆಗೆ ಹೋದೆ. ಬೆಕ್ಕಿಲ್ಲ, ಮರಿಗಳಿಲ್ಲ, ಅತ್ತೆ ದಿನವೂ ನೀರು ಹಾಕುತ್ತಿದ್ದ ಗೋಣಿ ಮಾತ್ರ ಹಸಿಯಾಗಿ ಹಾಸಿಯೇ ಇತ್ತು. ಅದನ್ನು ಎತ್ತಲೆಂದು ಬಗ್ಗಿದೆ. ಗಂಟಲು ಹಿಡಿದುಕೊಂಡಿತು. ಕೆಮ್ಮಿ ಕೆಮ್ಮಿ ಕಣ್ಣು ಮೂಗು ಎಲ್ಲ ನೀರಾಗಿ ಗೋಡೆ ಹಿಡಿದು ನಿಂತೆ. ಬೆರಳನ್ನು ಗೋಣಿಗೆ ಒತ್ತಿ ನಾಲಿಗೆಗೆ ಮುಟ್ಟಿಸಿದೆ. ಉರಿ.

ಅಯ್ಯೋ, ಆ ಹೊತ್ತಿಗೆ ನನಗೆ ನನ್ನ ಮೇಲೆ ಬಂದ ಸಿಟ್ಟು! ಇದರ ಮೇಲೆ ಅಲ್ಲವೇ ನಾನು ಅವನ್ನು ಹಿಡಿದು ಹಿಡಿದು ತಂದು ಮಲಗಿಸಿದ್ದು? ಪಾಪದ್ದು, ನೆಂದ ಗೋಣಿಯ ಖಾರ ಮೈಗೆ ಹತ್ತುವುದಕ್ಕಿಂತ ಸುಡುವ ತಗಡೇ ವಾಸಿ ಎಂದು ಓಡಿ ಹೋಗಿತ್ತು. ಕೂಗಿ ಅತ್ತೆಯನ್ನು ಕರೆದೆ. ಗೋಣಿ ತೋರಿಸಿ ಹೇಳಿದೆ. ಅವರು ನಂಬಲಿಲ್ಲ. ಮಂಡಿಯೂರಿ ಗೋಣಿಗೆ ಮುಖವಿಟ್ಟು ಉಸಿರೆಳೆದರು, ತಲೆಯೆತ್ತಿ ನನ್ನನ್ನು ನೋಡಿದರು, ಮತ್ತೆ ಮುಖವಿಟ್ಟರು.

"ಏನೂ ಇಲ್ಲಲ್ಲವಾ," ಎಂದರು.

ನಾನು ಆಗಲೂ ಸೀನುತ್ತಿದ್ದೆ. ಅವರು ನನ್ನ ಕೆಂಪು ಕಣ್ಣು ನೋಡಿದರು, ಗೋಣಿ ನೋಡಿದರು, ಅಲ್ಲೇ ಕುಳಿತುಬಿಟ್ಟರು. ಆಮೇಲೆ ಮೆಲ್ಲಗೆ ಹೇಳಿದರು, ಒಂದು ಮರಿ ಹೋಗಿದೆ ಎಂದು. ನಾನು ಊರಿಗೆ ಹೋದ ಮರುದಿನವೇ, ಅಟ್ಟದ ಮೇಲೆ, ಸೆಕೆಗೆ. ಕರಿಬೇವಿನ ಗಿಡದ ಬುಡದಲ್ಲಿ ಮಣ್ಣು ಮಾಡಿದ್ದರು. ತೊಟ್ಟಿಲ ಮನೆಯಲ್ಲಿರುವವಳಿಗೆ ಯಾಕೆ ಹೇಳಬೇಕು ಎಂದು ಹೇಳಿರಲಿಲ್ಲ. ಉಳಿದವು ಎರಡು, ಅಟ್ಟದ ಮೇಲೇ ಇವೆ, ಅವುಗಳ ಕೂಗೂ ಸಣ್ಣಗಾಗಿದೆ.

ನಾನು ಸೆರಗಿನಿಂದ ಮೂಗು ಕಟ್ಟಿಕೊಂಡು ಏಣಿ ಹತ್ತಿದೆ. ಬೆಕ್ಕು ಮರಿಗಳಿಗೆ ಅಡ್ಡ ಮಲಗಿತ್ತು. ನನ್ನನ್ನು ಕಂಡು ಕೂಗಿತು; ಆದರೆ ಕೈ ಚಾಚಿದಾಗ ಕಿವಿ ಹಿಂದಕ್ಕೆ ಮಾಡಿ ಸರಿಯಿತು. ನನ್ನ ಹಿಂದೆ ಮುಂದೆ ತಿರುಗುತ್ತಿದ್ದ ಬೆಕ್ಕು! ಎಳೆದು ತರಲು ಈಗ ಧೈರ್ಯ ಬರಲಿಲ್ಲ. ಅದು ತಾನಾಗಿ ಇಳಿದು ಬರಬೇಕು, ಅದೂ ನಾಳೆಯ ಬಿಸಿಲು ಏರುವುದರೊಳಗೆ. ಬರುವಂಥ ಜಾಗ ಮಾಡಿಕೊಡುವುದಷ್ಟೇ ನಮ್ಮ ಕೈಯಲ್ಲಿತ್ತು.

ಗೋಣಿಗಳನ್ನು ಹೊರಗೆಸೆದೆವು. ಬಚ್ಚಲ ಪಕ್ಕದ ಕಲ್ಲಿನ ನೆಲವನ್ನು ಆರಿಸಿದೆವು. ಅದಕ್ಕೆ ಬಿಸಿಲು ತಾಗುವುದಿಲ್ಲ. ಅತ್ತೆ ಸೊಂಟಕ್ಕೆ ಸೆರಗು ಸಿಕ್ಕಿಸಿ ತಾವೇ ತಿಕ್ಕಿದರು, ನಾನು ನೀರು ಹಾಕಿದೆ, ಮತ್ತೆ ತಿಕ್ಕಿದರು. ಹಾಸಲು ಮನೆಯ ಯಾವ ಅರಿವೆಯ ಮೇಲೂ ಅವರಿಗೆ ನಂಬಿಕೆ ಬರಲಿಲ್ಲ. ನಾನು ತವರಿನಿಂದ ತಂದ ಚೀಲದಲ್ಲಿ ಅವ್ವನ ಹಳೆಯ ನೂಲಿನ ಸೀರೆಯೊಂದಿತ್ತು. ಅದನ್ನೇ ಹರಿದು, ತೋಯಿಸಿ ಹಿಂಡಿ ಹಾಸಿದೆವು. ಪಕ್ಕಕ್ಕೆ ಮಣ್ಣಿನ ಬೋಗುಣಿಯಲ್ಲಿ ನೀರು. ಅಷ್ಟು ಮಾಡಿ ಅತ್ತೆ ತಮ್ಮ ಕೈಗಳನ್ನು ಮಜ್ಜಿಗೆಯಲ್ಲಿ ತೊಳೆದರು, ಸಾಬೂನಿನಲ್ಲಿ ತೊಳೆದರು, ಮತ್ತೆ ಮಜ್ಜಿಗೆಯಲ್ಲಿ ತೊಳೆದರು. ಬಂದು ನನ್ನ ಮುಂದೆ ಎರಡೂ ಅಂಗೈ ಹಿಡಿದರು.

"ನಿನ್ನ ಮೂಗು ಇನ್ನೂ ಚಲೋ ಐತಿ. ಮೂಸಿ ನೋಡಿ ಖರೇ ಹೇಳು."

ಮೂಸಿದೆ. ಏನೂ ಬರಲಿಲ್ಲ. ಸಂಜೆಯಾಗಿತ್ತು. ಬಂದಾಗಿನ ಸೀನು ಯಾವಾಗಲೋ ನಿಂತುಹೋಗಿತ್ತು, ಅದು ನನ್ನ ಗಮನಕ್ಕೇ ಬಂದಿರಲಿಲ್ಲ. ಕೈ ಸ್ವಚ್ಛವಾಯಿತೋ, ನನ್ನ ಮೂಗು ಮತ್ತೆ ಬ್ಯಾಡಗಿಯದಾಯಿತೋ, ಯಾವುದೆಂದು ಹೇಳಲಿ?

"ನಂಗೂ ತಿಳೀವಲ್ತರಿ ಅತ್ತಿ," ಎಂದೆ.

ಅವರು ಅಂಗೈಗಳನ್ನು ತಮ್ಮ ಕಡೆ ತಿರುಗಿಸಿ ನೋಡಿಕೊಂಡರು.

"ನಿನ್ನ ಮಗಳು ಕೂಸಿದ್ದಾಗ ನಾ ಎರೀಬೇಕಾದ್ರ ಅಷ್ಟ ಯಾಕ ಅಳತಿತ್ತು ಅಂತಿ?"

ದಿನವೂ ಚೀಲದ ಕೆಲಸ ಮುಗಿಸಿ, ಕೈ ತೊಳೆದು, ಬಚ್ಚಲಲ್ಲಿ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಹಾಕಿಕೊಂಡು ಅವರು ನೀರೆರೆಯುತ್ತಿದ್ದರು. ಅದು ಬಿಕ್ಕಿ ಬಿಕ್ಕಿ ಅಳುತ್ತಿತ್ತು. ದೃಷ್ಟಿಯಾಗಿದೆ ಎನ್ನುತ್ತಿದ್ದೆವು, ಮೆಣಸಿನಕಾಯಿ ಸುಡುತ್ತಿದ್ದೆವು. ತಮ್ಮ ಮಕ್ಕಳಿಗೆ, ನಾದಿನಿಯರ ಮಕ್ಕಳಿಗೆ, ಎಲ್ಲರಿಗೂ ಎರೆದದ್ದು ಅವೇ ಕೈ.

ಕತ್ತಲಾಗುವ ಮುಂಚೆ ಬೆಕ್ಕು ಒಂದು ಮರಿಯನ್ನು ಕಚ್ಚಿಕೊಂಡು ಇಳಿಯಿತು. ಬಚ್ಚಲ ಬಾಗಿಲಲ್ಲಿ ನಿಂತು ನೆಲ ಮೂಸಿತು, ಸೀರೆ ಮೂಸಿತು. ನಾವು ಉಸಿರು ಬಿಗಿಹಿಡಿದಿದ್ದೆವು. ಮರಿಯನ್ನು ಸೀರೆಯ ಮೇಲಿಟ್ಟು ಇನ್ನೊಂದನ್ನು ತರಲು ಹೋಯಿತು. ಎರಡೂ ಮೊಲೆಗೆ ಹತ್ತಿದವು. ಅತ್ತೆ ಗೋಡೆಗೆ ಒರಗಿ ಕುಳಿತಿದ್ದರು. ಬೆಕ್ಕು ಮುಟ್ಟುವಷ್ಟು ಹತ್ತಿರದಲ್ಲಿತ್ತು, ಅವರು ಮುಟ್ಟಲಿಲ್ಲ. ಎರಡೂ ಕೈಯನ್ನು ಸೆರಗಿನೊಳಗೆ ಸುತ್ತಿಟ್ಟುಕೊಂಡಿದ್ದರು.

ಟ್ಯೂಷನ್ನಿನಿಂದ ಬಂದ ಮಗಳು ಬ್ಯಾಗು ಎಸೆದು, ಸೆಕೆಗೆ ತಲೆ ಸಿಡಿಯುತ್ತಿದೆ ಎನ್ನುತ್ತ ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು. ಒತ್ತು ಎಂದಳು. ಅತ್ತೆ ಕೈ ಹೊರತೆಗೆಯಲಿಲ್ಲ. ಅವಳು ಇನ್ನೊಮ್ಮೆ ಕೇಳಿ, ತಾನೇ ಸೆರಗಿನೊಳಗಿನಿಂದ ಅಜ್ಜಿಯ ಕೈ ಎಳೆದುಕೊಂಡು ಹಣೆಗೆ, ಕಣ್ಣಿನ ಮೇಲೆ ಒತ್ತಿಕೊಂಡಳು. ಅತ್ತೆ ಹೆದರಿ ಅವಳ ಮುಖವನ್ನೇ ನೋಡುತ್ತಿದ್ದರು. ಅವಳಿಗೆ ಏನೂ ಉರಿಯಲಿಲ್ಲ; ಅವಳೂ ಇದೇ ಮನೆಯಲ್ಲಿ ಬೆಳೆದವಳು. ಹಾಗೇ ನಿದ್ದೆ ಹೋದಳು.