ರಿವರ್ಸ್ ವಿಶಲ್ ಮತ್ತು ಒಂದು ಪಾಯಿಂಟು

ತೀರ್ಥಹಳ್ಳಿಯಲ್ಲಿ ನಮ್ಮ ಸಾಗರದ ಕಾಲೇಜು ಹುಡುಗಿಯರು ಬಾಸ್ಕೆಟ್‌ಬಾಲಿನಲ್ಲಿ ಒಂದೇ ಪಾಯಿಂಟಿನಿಂದ ಗೆದ್ದಿದ್ದರು. ವಾಪಸ್ ಬರುವಾಗ ಟೀಮೂ ಅಭಿಮಾನಿಗಳೂ ಒಂದೇ ಬಾಡಿಗೆ ಬಸ್ಸಿನಲ್ಲಿ. ಅದರ ಕಂಡಕ್ಟರ್ ನಾನು. ಅಭಿಮಾನಿಗಳದ್ದು ಒಂದೇ ಚರ್ಚೆ: ನಮ್ಮವರು ಕೊನೇ ಬಾಸ್ಕೆಟ್ ಹಾಕುವಾಗ ತೀರ್ಥಹಳ್ಳಿಯವರು ಯಾಕೆ ಹಂಗೇ ನಿಂತುಬಿಟ್ಟರು?

"ಸುಸ್ತಾಗಿತ್ತು ಅವ್ರಿಗೆ" ಅಂದರು ಒಬ್ಬರು.

"ಸುಸ್ತಲ್ಲ ಮಾರಾಯ್ರೆ, ನಮ್ಮ ಕ್ಯಾಪ್ಟನ್ ಎಡಕ್ಕೆ ತೋರಿಸಿ ಬಲಕ್ಕೆ ಹೋದ್ಲು" ಅಂದರು ಇನ್ನೊಬ್ಬರು.

ನನಗೆ ತಡೆಯಲಾಗಲಿಲ್ಲ. "ಅಲ್ರೀ, ಆಗ ಕೋರ್ಟಿನ ಹಿಂದೆ ನಮ್ಮ ಬಸ್ ರಿವರ್ಸ್ ತಗೋತಿತ್ತು. ವಿಶಲ್ ಹೊಡೆದಿದ್ದು ನಾನು. ಅವ್ರು ರೆಫ್ರಿದು ಅನ್ಕೊಂಡ್ರು."

ಬಸ್ಸಿನವರೆಲ್ಲ ನನ್ನತ್ತ ತಿರುಗಿದರು. ಗೆದ್ದಿದ್ದನ್ನು ನಾನೇ ಕಿತ್ತುಕೊಂಡ ಹಾಗೆ ನೋಡಿದರು.

ಹಿಂದಿನ ಸೀಟಿನಿಂದ ಕ್ಯಾಪ್ಟನ್ ಎದ್ದಳು. "ಅಣ್ಣಾ, ಆ ವಿಶಲ್ ನಮಗೂ ಕೇಳಿಸ್ತು. ನಾವ್ಯಾಕೆ ನಿಲ್ಲಲಿಲ್ಲ ಹೇಳಿ? ಸಾಗರದಲ್ಲಿ ನಮ್ಮ ಕೋರ್ಟ್ ಇರೋದೇ ಬಸ್ ಸ್ಟ್ಯಾಂಡ್ ಪಕ್ಕ. ನಿಮ್ಮ ವಿಶಲ್ಲಿಗೆಲ್ಲ ನಿಲ್ತಾ ಹೋಗಿದ್ರೆ ಇವತ್ತಿಗೂ ಒಂದು ಬಾಸ್ಕೆಟ್ ಹಾಕ್ತಿರ್ಲಿಲ್ಲ!"

ಬಸ್ಸಿನ ತಗಡು ಕಿತ್ತುಹೋಗುವ ಹಾಗೆ ಕೇಕೆ ಬಿತ್ತು.

ಹೊಸನಗರದಲ್ಲಿ ಎಲ್ಲರೂ ಟೀಗೆ ಇಳಿದರು. ಹೊರಡೋಣ ಅಂತ ನಾನು ವಿಶಲ್ ಊದಿದೆ. ಅಭಿಮಾನಿಗಳು ಓಡಿಬಂದು ಹತ್ತಿದರು. ಟೀಮಿನ ಹುಡುಗಿಯರು ತಿರುಗಿಯೂ ನೋಡಲಿಲ್ಲ.