ಹಾಲಿಗೆ ಹಿಡಿದ ತಕ್ಕಡಿ

ಬೀದಿಯ ತುದಿಯಲ್ಲಿ ತಕ್ಕಡಿ ರಿಪೇರಿ ಮಾಡುವವನನ್ನು ಎಲ್ಲರೂ ತಕ್ಕಡಿಯಣ್ಣ ಎಂದೇ ಕರೆಯುತ್ತಾರೆ. ಮೊಳೆ ಮಾರುವವರಿಂದ ಹಿಡಿದು ಚಿನ್ನ ಮಾರುವವರ ತನಕ ಎಲ್ಲರ ತಕ್ಕಡಿಯೂ ವರ್ಷಕ್ಕೊಮ್ಮೆ ಅವನ ಮೇಜಿನ ಮೇಲೆ ತಲೆ ತಗ್ಗಿಸಿ ಕೂರಬೇಕು. ತೂಗುವಾಗ ಅವನು ಫ್ಯಾನು ಆರಿಸುತ್ತಾನೆ. ಗಿರಾಕಿ ಕೆಮ್ಮಿದರೆ ಮತ್ತೆ ಮೊದಲಿನಿಂದ ಶುರು. ಅಂಗಡಿಯವರು ಅವನ ಮುಂದೆ ಕೈಕಟ್ಟಿ ನಿಲ್ಲುವುದನ್ನು ನೋಡಿ ನೋಡಿ, ಜಗತ್ತು ಒಂದು ಕೂದಲಿನಷ್ಟು ಆಚೀಚೆ ಆಗದೆ ನಿಂತಿರುವುದು ತನ್ನಿಂದಲೇ ಎಂಬ ನಂಬಿಕೆ ಅವನಿಗೆ ಬಂದಿತ್ತು. ಅಪಾಯವಿಲ್ಲದ ನಂಬಿಕೆ. ಮಗಳು ಹುಟ್ಟುವ ತನಕ.

ಆಸ್ಪತ್ರೆಯಿಂದ ಹೊರಡುವ ದಿನ ಕೂಸಿನ ತೂಕ ಹುಟ್ಟಿದಾಗಿನದಕ್ಕಿಂತ ಸ್ವಲ್ಪ ಕಡಿಮೆ ಇತ್ತು. ಮೊದಲ ದಿನಗಳಲ್ಲಿ ಎಲ್ಲ ಮಕ್ಕಳೂ ಸ್ವಲ್ಪ ಇಳಿಯುತ್ತವೆ, ಆಮೇಲೆ ಏರುತ್ತವೆ ಎಂದರು ಡಾಕ್ಟರು. ತಕ್ಕಡಿಯಣ್ಣನಿಗೆ ಮೊದಲರ್ಧ ಮಾತ್ರ ಕೇಳಿಸಿತು. ಮರುದಿನವೇ ಅಂಗಡಿಯಿಂದ ಅಗಲ ತಟ್ಟೆಯ ತಕ್ಕಡಿಯೊಂದನ್ನು ಹೊತ್ತು ತಂದು ಬಾಣಂತಿಯ ಮಂಚದ ಪಕ್ಕ ಇಟ್ಟ.

ಅಂದಿನಿಂದ ಕೂಸು ಹಾಲು ಕುಡಿಯುವ ಮುಂಚೆ ಒಂದು ತೂಕ, ಕುಡಿದ ಮೇಲೆ ಒಂದು ತೂಕ. ಸ್ಲೇಟಿನ ಮೇಲೆ ಎರಡು ಅಂಕಿ ಬರೆದು, ಕಳೆದು, ಉತ್ತರವನ್ನು ಗಟ್ಟಿಯಾಗಿ ಕೂಗಿ ಅಳಿಸಿಬಿಡುತ್ತಿದ್ದ. ಹತ್ತು ಗ್ರಾಂ. ಐದು ಗ್ರಾಂ. ಒಂದು ಮಧ್ಯಾಹ್ನವಂತೂ, ಕುಡಿದ ಮೇಲೆ ಕೂಸೇ ಕಡಿಮೆಯಾಗಿತ್ತು. ತನ್ನ ತಕ್ಕಡಿಯ ಮೇಲೆ ಅನುಮಾನಪಡುವ ಜಾತಿಯವನಲ್ಲ ಅವನು. ಹಾಗಾಗಿ ಅನುಮಾನ ಹೆಂಡತಿಯ ಮೇಲೆ ಹೋಯಿತು.

“ನಾನು ನಾಲ್ಕು ಮಕ್ಕಳನ್ನ ಸಾಕಿದೆ, ಒಂದನ್ನೂ ತೂಗಲಿಲ್ಲ,” ಎಂದಳು ಅವನ ತಾಯಿ. “ತೂಗಿದ್ರೆ ನಿನ್ನನ್ನ ಅಂಗಡಿಗೆ ವಾಪಸ್ ಕೊಡ್ತಿದ್ದೆ.”

ಹೆಂಡತಿಗೆ ನಗು ಬರಲಿಲ್ಲ. ಮೊಲೆತೊಟ್ಟು ಒಡೆದು ಉರಿಯುತ್ತಿತ್ತು. ಕೂಸು ಬಾಯಿಟ್ಟ ಕೂಡಲೇ ಹಲ್ಲು ಕಚ್ಚಿ ಕೂರುತ್ತಿದ್ದಳು. ನಾಲ್ಕು ಗುಟುಕು ಎಳೆದು ಕೂಸು ನಿದ್ದೆ ಹೋಗುತ್ತಿತ್ತು. ಎಚ್ಚರಿಸಲು ಅದರ ಬಟ್ಟೆ ಬದಲಿಸಿ, ಅಂಗಾಲು ತಟ್ಟಿ ಮತ್ತೆ ಎದೆಗೆ ಹಚ್ಚಬೇಕು. ನೋಡಲು ಬಂದವರಲ್ಲಿ ಒಬ್ಬರು ಹೆಚ್ಚು ತಿನ್ನು ಎಂದರು, ಒಬ್ಬರು ಕಡಿಮೆ ತಿನ್ನು ಎಂದರು, ಮೂರನೆಯವರು ತಮ್ಮ ಸೊಸೆಗೆ ಹಾಲು ಹೊಳೆಯಾಗಿ ಹರಿದ ಕಥೆ ಹೇಳಿ ಎದ್ದರು. ಅವಳು ಈಗ ಕೂಸಿನ ಮುಖ ನೋಡುವುದನ್ನೇ ಬಿಟ್ಟು, ಗಂಡ ಯಾವ ಅಂಕಿ ಕೂಗುತ್ತಾನೋ ಎಂದು ಅವನ ಬಾಯಿ ನೋಡುತ್ತಿದ್ದಳು. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದಳು.

ಕೊನೆಗೆ ತಕ್ಕಡಿಯಣ್ಣ ಹಾಲಿನ ಪುಡಿಯ ಡಬ್ಬಿ ತಂದು ಕಪಾಟಿನ ಮೇಲಿಟ್ಟ. ಶುಕ್ರವಾರದೊಳಗೆ ಲೆಕ್ಕ ಮೂವತ್ತು ಗ್ರಾಂ ದಾಟದಿದ್ದರೆ ಡಬ್ಬಿ ಒಡೆಯುವುದೆಂದು ಸಾರಿದ. ಡಬ್ಬಿ ತಂದದ್ದರಲ್ಲಿ ತಪ್ಪೇನಿಲ್ಲ. ಆದರೆ ತಂದ ರೀತಿಗೆ, ತಾಯಿಯಾಗುವ ಪರೀಕ್ಷೆಯಲ್ಲಿ ತಾನು ಫೇಲು ಎಂದೇ ಅವಳಿಗೆ ಕೇಳಿಸಿತು.

ಶುಕ್ರವಾರ ಬೆಳಿಗ್ಗೆ ಆರೋಗ್ಯ ಕೇಂದ್ರದ ಸಿಸ್ಟರ್ ಬಂದಳು. ದಪ್ಪ ಹೆಂಗಸು, ಅವಸರವಿಲ್ಲದವಳು. ತಕ್ಕಡಿಯಣ್ಣ ತೂಕಶಾಸ್ತ್ರದ ಮೇಲೆ ಸಣ್ಣದೊಂದು ಭಾಷಣ ಮಾಡಿದ. ಅವಳು ಪೂರ್ತಿ ಕೇಳಿ, ಎಂದಿನ ಹಾಗೇ ತೂಗಿ ತೋರಿಸಿ ಎಂದಳು. ಅವನು ಫ್ಯಾನು ಆರಿಸಿ ತೂಗಿದ.

ಕೂಸು ಬಾಯಿಟ್ಟ ಕೂಡಲೇ ಹೆಂಡತಿ ಮುಖ ಕಿವುಚಿದ್ದನ್ನು ಸಿಸ್ಟರ್ ನೋಡಿದಳು. ಕೂಸನ್ನು ತಾಯಿಯ ಹೊಟ್ಟೆಗೆ ಹೊಟ್ಟೆ ತಾಗುವಂತೆ ತಿರುಗಿಸಿ, ಅದು ಆಕಳಿಸುವಷ್ಟು ಬಾಯಿ ತೆರೆಯುವ ತನಕ ಕಾದು, ಆಮೇಲೆ ಹಚ್ಚಿದಳು. ಬರೀ ತೊಟ್ಟಲ್ಲ, ಸುತ್ತಲಿನ ಭಾಗವೂ ಬಾಯೊಳಗೆ ಹೋಗಬೇಕು ಎಂದಳು. ಉರಿ ಪೂರ್ತಿ ಹೋಗಲಿಲ್ಲ, ಅರ್ಧವಾಯಿತು. ಕೂಸು ಎಂದಿನಂತೆ ತೂಕಡಿಸಿತು. ಹೆಂಡತಿ ಎಂದಿನಂತೆ ಒದ್ದೆ ಬಟ್ಟೆ ಬಿಚ್ಚಿ ಮೂಲೆಗೆ ಹಾಕಿ, ಒಣಗಿದ್ದು ಸುತ್ತಿ, ಇನ್ನೊಂದು ಕಡೆ ಕುಡಿಸಿದಳು.

ತಕ್ಕಡಿಯಣ್ಣ ತೂಗಿ, ಸಾವಿನ ಸುದ್ದಿ ಹೇಳುವವನ ಮುಖ ಮಾಡಿಕೊಂಡು, “ಎಂಟು ಗ್ರಾಂ,” ಎಂದ.

ಸಿಸ್ಟರ್ ಮೂಲೆಯಲ್ಲಿದ್ದ ಒದ್ದೆ ಬಟ್ಟೆಯನ್ನು ಎರಡು ಬೆರಳಲ್ಲಿ ಎತ್ತಿ ತಕ್ಕಡಿಯ ಮೇಲಿಟ್ಟಳು. ಅದನ್ನು ತೆಗೆದು ಅಂಥದ್ದೇ ಒಣ ಬಟ್ಟೆ ಇಟ್ಟಳು. ವ್ಯತ್ಯಾಸ ಐವತ್ತೆರಡು.

“ಮೊದಲು ಒದ್ದೆ ಬಟ್ಟೆ ಸಮೇತ ತೂಗಿದ್ರಿ. ಆಮೇಲೆ ಒಣ ಬಟ್ಟೆ. ಕುಡಿದಿದ್ದು ಎಂಟಲ್ಲ ಅಣ್ಣ, ಅರವತ್ತು.”

ದಿನಕ್ಕೆ ಎಷ್ಟು ಬಟ್ಟೆ ಒಗೆಯುತ್ತೀರಿ ಎಂದು ಸಿಸ್ಟರ್ ಕೂಸಿನ ಅಜ್ಜಿಯನ್ನು ಕೇಳಿದಳು. ಎಂಟೋ ಒಂಬತ್ತೋ, ಕೈ ಬಿದ್ದುಹೋಗುತ್ತಿದೆ ಎಂದಳು ಅಜ್ಜಿ. ಹೊಟ್ಟೆಗೆ ಹೋಗದೆ ಅಷ್ಟು ಹೊರಗೆ ಬರುವುದಿಲ್ಲ ಎಂದು ಸಿಸ್ಟರ್ ಕೂಸನ್ನು ಬರಿಮೈಯಲ್ಲಿ ತೂಗಿದಳು. ಹುಟ್ಟಿದಾಗಿನ ತೂಕ ಆಗಲೇ ದಾಟಿತ್ತು. ಸ್ಲೇಟು ಅಳಿಸದೆ ಇಟ್ಟಿದ್ದರೆ ತಕ್ಕಡಿಯಣ್ಣನಿಗೂ ಅದು ಕಾಣುತ್ತಿತ್ತು. ಕಳೆಯುವುದರಲ್ಲೇ ಮುಳುಗಿದ್ದ ಮನುಷ್ಯ.

ಆಮೇಲೆ ಸಿಸ್ಟರ್ ಮಂಚದ ಕಡೆ ತಿರುಗಿದಳು. “ಮಗೂದಾಯ್ತು. ನೀನು ಹೇಗಿದೀಯಾ ತಾಯಿ?”

ಹದಿನೈದು ದಿನದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಅವಳು ಸೆರಗಿನ ಅಂಚು ಸುತ್ತಿದಳು.

“ಇವಳು ಅಳೋಕೆ ಶುರು ಮಾಡಿದ್ರೆ ಎಲ್ಲಾದ್ರೂ ಓಡಿಹೋಗೋಣ ಅನ್ಸುತ್ತೆ.”

ಸಿಸ್ಟರ್ ಬೆಚ್ಚಲಿಲ್ಲ. ಎಷ್ಟೋ ಜನಕ್ಕೆ ಹಾಗಾಗುತ್ತದೆ, ನಿದ್ದೆಗೆಟ್ಟರಂತೂ ಆಗಿಯೇ ಆಗುತ್ತದೆ ಎಂದಳು. ವಾರದಲ್ಲಿ ಮನಸ್ಸು ಹಗುರಾಗದಿದ್ದರೆ, ಇಲ್ಲವೇ ಇನ್ನೂ ಭಾರವಾದರೆ ಅಂದೇ, ಜ್ವರಕ್ಕೆ ಬರುವ ಹಾಗೆ ಡಾಕ್ಟರ ಹತ್ತಿರ ಬಾ ಎಂದಳು. ಡಬ್ಬಿ ಎಂದಾದರೂ ಬೇಕಾದರೆ ಅದೂ ಊಟವೇ, ಶಿಕ್ಷೆಯಲ್ಲ ಎಂದು ಗಂಡನ ಕಡೆ ನೋಡಿಯೇ ಹೇಳಿ ಹೊರಟಳು.

ಊರವರ ತಪ್ಪು ಹಿಡಿದು ಬದುಕಿದವನಿಗೆ ತನ್ನದನ್ನು ಒಪ್ಪುವ ಅಭ್ಯಾಸ ಇರಲಿಲ್ಲ. ಅವನ ತಾಯಿ ಮೊಣಕೈಯಲ್ಲಿ ತಿವಿದಳು.

“ತಪ್ಪು ನಂದು ಕಣೆ,” ಎಂದ. “ಬಟ್ಟೇನ ಲೆಕ್ಕಕ್ಕೆ ತಗೊಳ್ಳಲಿಲ್ಲ.”

“ಬಟ್ಟೆ ಒಂದೇನಾ?”

ಅವನು ತಕ್ಕಡಿಯನ್ನು ಅಂಗಡಿಗೆ ಒಯ್ಯಲು ಬಗ್ಗಿದ.

“ಅದು ಆಮೇಲೆ ಹೋಗ್ಲಿ. ಇವಳನ್ನ ಎತ್ಕೊಳ್ಳಿ. ನಾನು ಮಲಗ್ತೀನಿ.”

ಅವಳ ಮನಸ್ಸು ಒಂದೇ ದಿನಕ್ಕೆ ತಿಳಿಯಾಗಲಿಲ್ಲ. ಮುಂದೆ ಎರಡು ಸಲ ಡಾಕ್ಟರ ಹತ್ತಿರ ಹೋಗಿ ಕೂತು ಮಾತಾಡಿ ಬಂದಳು. ಎರಡು ಸಲವೂ ಗಂಡ ಕೂಸನ್ನು ಹಿಡಿದು ಹೊರಗಿನ ಬೆಂಚಿನ ಮೇಲೆ ಕೂತಿದ್ದ. ಆದರೆ ಆ ಶುಕ್ರವಾರ ಅವಳು ಗೋಡೆಯ ಕಡೆ ತಿರುಗಿ, ಮೂರು ಗಂಟೆ ಮಗ್ಗುಲು ಬದಲಿಸದೆ ನಿದ್ದೆ ಮಾಡಿದಳು. ತಟ್ಟೆಗೆ ಇಡುವುದಕ್ಕಲ್ಲದೆ ಮಗಳನ್ನು ಎತ್ತಿಕೊಂಡೇ ಗೊತ್ತಿರದ ತಕ್ಕಡಿಯಣ್ಣ ಮೊದಲ ಸಲ ಅವಳನ್ನು ಎದೆಗೊರಗಿಸಿಕೊಂಡು ಕೂತಿದ್ದ. ಕೈ ಜೋಮು ಹಿಡಿದಿತ್ತು. ಗಿರಾಕಿಯೊಬ್ಬ ಕಿಟಕಿಯಲ್ಲಿ ಇಣುಕಿ, ಅಂಗಡಿ ಯಾವಾಗ ತೆರೆಯುತ್ತೀಯಣ್ಣ ಎಂದು ಕೇಳಿದ. ಅವನು ಬಾಯಿ ಬಿಡದೆ, ಗದ್ದ ಆಡಿಸಿಯೇ, ಹೋಗಯ್ಯಾ ಎಂದ.