ತಟ್ಟೆಯೊಳಗಿಂದ ನೋಡಿದ ಕಣ್ಣುಗಳು

ತಟ್ಟೆಯ ಮೇಲಿನ ಬಟ್ಟೆ ಸರಿಸಿದೆ, ಸಾಲು ಕಣ್ಣುಗಳು ನನ್ನನ್ನೇ ನೋಡುತ್ತಿದ್ದವು! ಕಣ್ಣಿನಾಕಾರದ ನಾನ್‌ಖಟಾಯಿ, ನಡುವೆ ಗುಡ್ಡೆಯಂತೆ ಕಪ್ಪು ಒಣದ್ರಾಕ್ಷಿ. ತಂದವರು ಪಕ್ಕದ ಮನೆಗೆ ಹೊಸದಾಗಿ ಬಂದ ಮಂಗಳೂರಿನ ನರ್ಸ್. ಇವತ್ತು ಸಂತ ಲೂಸಿಯಮ್ಮನ ಹಬ್ಬ, ಆಕೆ ಕಣ್ಣು ಕಾಯುವಾಕೆ, ಅದಕ್ಕೇ ಹಿಟ್ಟು ಕಲಸಿ ಗಾಂಧಿ ಗಂಜ್ ಪೇಟೆಯ ಬೇಕರಿ ಭಟ್ಟಿಯಲ್ಲಿ ಬೇಯಿಸಿಕೊಂಡು ಬಂದೆ ಎಂದರು.

ನಾವು ಮೆಥೊಡಿಸ್ಟ್ ಕ್ರೈಸ್ತರು, ಸಂತರ ಹಬ್ಬ ಮಾಡುವವರಲ್ಲ. ತಿನ್ನಬೇಕೋ ಬೇಡವೋ ಎಂದು ನಾನು ಅನುಮಾನಿಸುತ್ತಿರುವಾಗಲೇ ಅತ್ತೆ ಬಂದು ಒಂದನ್ನೆತ್ತಿ ಬೆರಳಿನಿಂದ ಸವರಿದರು. ಅವರ ಎರಡೂ ಕಣ್ಣಿಗೆ ಪೊರೆ. ಆದರೆ ಆಪರೇಷನ್ ಎಂಬ ಮಾತು ಬಂದರೆ ಸಾಕು, ಎದ್ದು ಹೋಗುತ್ತಿದ್ದರು.

"ಇದೇನ್ರಿ ಸಿಸ್ಟರ್, ಕಣ್ಣ ಮಾಡೀರೇನು?" ಎನ್ನುತ್ತ ಅದನ್ನು ಕಚ್ಚಿ ತಿಂದರು. ಇನ್ನೊಂದನ್ನು ಸೆರಗಿಗೆ ಗಂಟು ಹಾಕಿಕೊಂಡರು. "ಇದು ಹ್ಯಾಂಗದ ಅಂತ ಕಣ್ಣಾರೆ ನೋಡೇ ತಿಂತೇನಿ. ಆಪರೇಷನ್ ಯಾವಾಗ ಮಾಡ್ತಾರ, ಕೇಳ್ರಿ."

ನಾಳೆ ಅತ್ತೆಯ ಆಪರೇಷನ್ ಆದ ಒಂದು ಕಣ್ಣಿನ ಪಟ್ಟಿ ಬಿಚ್ಚುತ್ತಾರೆ. ಅಂದು ಗಂಟು ಕಟ್ಟಿದ ಬಿಸ್ಕೀಟನ್ನು ಅವರು ಜೋಪಾನವಾಗಿಟ್ಟ ಡಬ್ಬಿಯನ್ನು ನಾನು ತೆರೆದು ನೋಡಿದರೆ, ಅದರ ದ್ರಾಕ್ಷಿ ಉದುರಿ ಬಿದ್ದಿತ್ತು. ಸಂತರ ಹಬ್ಬ ಮಾಡದ ನಾನು ಹನಿ ಜೇನು ಹಚ್ಚಿ, ಹೊಸ ದ್ರಾಕ್ಷಿಯೊಂದನ್ನು ಮೆಲ್ಲಗೆ ಕೂರಿಸಿದೆ.